ತಲೆಯ ಮೇಲಿನ ಸಣ್ಣ ಗಾಡಿ

ಎಲ್ಲ ಊರಲ್ಲೂ ರೈಲು ಹಳಿ ನೆಲದ ಮೇಲಿರುತ್ತದೆ. ನಮ್ಮ ಬಂಡಿಹಾಳದಲ್ಲಿ ಅದು ತಲೆಯ ಮೇಲಿತ್ತು. ಈ ಮಾತು ಹೇಳಿದಾಗೆಲ್ಲ ನನ್ನ ತವರಿನವರು, ಶಹಾಬಾದದ ಬಿಸಿಲು ಜಗದೇವಿಯ ನೆತ್ತಿಗೇರಿದೆ ಎಂದು ನಗುತ್ತಿದ್ದರು. ಅವರದು ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಮಗ್ಗುಲು. ಮನೆ ಎಂದರೆ ಮರದ ತೊಲೆ ಎಂದು ತಿಳಿದ ಜನ. ನಗಲಿ ಬಿಡಿ.

ನಮ್ಮ ಮನೆಯ ಮಾಳಿಗೆಗೆ ತೊಲೆಗಳ ಜಾಗದಲ್ಲಿ ಹಳಿಗಳಿದ್ದವು. ನಮ್ಮ ಕಡೆ ಅದಕ್ಕೆ ಪಟರಿ ಎನ್ನುತ್ತಾರೆ. ಪಟರಿಯ ಅಗಲವಾದ ತಳ ಮೇಲಕ್ಕೆ, ಅದರ ಮೇಲೆ ಶಹಾಬಾದಿ ಪರಸಿ ಎಂಬ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣು. ಗಾಲಿ ಉರುಳಿ ಉರುಳಿ ನುಣುಪಾದ ತಲೆ ಕೆಳಕ್ಕೆ. ಮದುವೆಯಾಗಿ ಬಂದ ಹೊಸದರಲ್ಲಿ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಈಗ ಬಂತು, ಇನ್ನೇನು ಬಂತು ಅನ್ನಿಸುತ್ತಿತ್ತು. ನಾನು ಈ ಊರಿಗೆ ಬರುವ ಎಷ್ಟೋ ವರ್ಷ ಮೊದಲೇ ಆ ಗಾಡಿ ನಿಂತುಹೋಗಿತ್ತು. ಒಮ್ಮೆಯೂ ಕಾಣದ ಗಾಡಿಯ ದಾರಿ ಕಾಯುವುದು ಹುಚ್ಚೇ ಸರಿ. ಆ ಹುಚ್ಚು ನನಗಿತ್ತು, ಈಗಲೂ ಇದೆ.

ಅದರ ಕಥೆಯನ್ನೆಲ್ಲ ನನಗೆ ಹೇಳಿದವರು ನಮ್ಮ ಮಾವ ನರಸಪ್ಪ. ಅವರು ಆ ಗಾಡಿಯ ಬ್ರೇಕು ತಿರುಗಿಸುವ ಕೆಲಸದಲ್ಲಿದ್ದರು. ನಿಜಾಮನ ಕಾಲದಲ್ಲಿ ಯಾವುದೋ ಕಲ್ಲಿನ ಕಂಪನಿ ನಮ್ಮೂರ ಖಣಿಯಿಂದ ಶಹಾಬಾದ ಸ್ಟೇಷನ್ನಿನವರೆಗೆ ಅಗಲ ಕಡಿಮೆಯ ಹಳಿ ಹಾಸಿ, ಅದಕ್ಕೆ ತಕ್ಕ ಉಗಿಯ ಎಂಜಿನ್ನೊಂದನ್ನು ತಂದಿತ್ತಂತೆ. ಶಹಾಬಾದದಲ್ಲಿ ನಿಲ್ಲುವುದು ದೊಡ್ಡ ಗಾಡಿ, ನಮ್ಮದು ಸಣ್ಣ ಗಾಡಿ. ಪರಸಿ ತುಂಬಿದ ಕಬ್ಬಿಣದ ಟ್ರಾಲಿಗಳನ್ನು ಎಳೆಯುವುದಷ್ಟೇ ಅದರ ಕೆಲಸ. ಆದರೆ ಊರವರು ಸುಮ್ಮನೆ ಬಿಡುತ್ತಾರೆಯೇ? ಕಲ್ಲಿನ ಮೇಲೆ ಬಸುರಿಯರು, ಜ್ವರದವರು, ಜೋಳದ ಚೀಲ, ಆಡು, ಮದುವೆಯ ಗಂಡು. ಏರಿನಲ್ಲಿ ಉಗಿ ಸಾಲದೆ ಎಂಜಿನ್ ನಿಂತರೆ ಮದುವೆಯ ಗಂಡೂ ಬಾಸಿಂಗದ ಸಮೇತ ಇಳಿದು ನೂಕಬೇಕು. ಗಾಡಿ ತಪ್ಪಿಸಿಕೊಂಡವನು ಬೀಡಿ ಹಚ್ಚಿಕೊಂಡು ಅಡ್ಡದಾರಿ ಹಿಡಿದರೆ ಹಳ್ಳದ ಹತ್ತಿರ ಆರಾಮಾಗಿ ಅದನ್ನೇ ಹತ್ತುತ್ತಿದ್ದ. ಗಡಿಬಿಡಿ ಇದ್ದವನು ನಡೆದುಕೊಂಡೇ ಹೋಗಲಿ, ಸಣ್ಣ ಗಾಡಿ ಯಾಕೆ ಹತ್ತಬೇಕು ಎನ್ನುತ್ತಿದ್ದರು ಮಾವ.

ಎಂಜಿನ್ ಖಣಿಯೊಳಗೆ ಇಳಿಯುತ್ತಿರಲಿಲ್ಲ. ತಳದಿಂದ ಮೇಲಿನವರೆಗೆ ತುಂಬಿದ ಟ್ರಾಲಿಗಳನ್ನು ಕಲ್ಲು ಹೊರುವ ಹೆಂಗಸರೇ ನೂಕಿ ತರಬೇಕಿತ್ತು. ಮೇಲೆ ಡ್ರೈವರ್ ಅಬ್ದುಲ್ ಮಜೀದ ಕಾಯುತ್ತಿದ್ದ. ಟ್ರಾಲಿಗಳನ್ನು ಕೊಂಡಿ ಹಾಕಿ ಜೋಡಿಸಿದ ಮೇಲೆ ಒಂದು ಉದ್ದನೆಯ ಸೀಟಿ, ಹಿಂದೆಯೇ ಎರಡು ಗಿಡ್ಡ ಸೀಟಿ. ಆ ಸೀಟಿ ಕೇಳಿದರೆ ಊರಲ್ಲಿ ರೊಟ್ಟಿ ತಟ್ಟುವವರ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತಂತೆ.

ಆಮೇಲೆ ಲಾರಿಗಳು ಬಂದವು. ಕಲ್ಲು ಲಾರಿ ಹತ್ತಿತು, ಸಣ್ಣ ಗಾಡಿ ನಿಂತಿತು. ಎಂಜಿನ್ನನ್ನು ಶಹಾಬಾದದಲ್ಲಿ ದೊಡ್ಡ ಗಾಡಿಯ ಬೆನ್ನಿಗೆ ಏರಿಸಿ ಎತ್ತಲೋ ಒಯ್ದರು. ಮಜೀದ ಅಲ್ಲಿಯವರೆಗೆ ನಡೆದುಕೊಂಡು ಹೋಗಿ, ನಡೆದುಕೊಂಡೇ ವಾಪಸು ಬಂದ. ಅವತ್ತಿನಿಂದ ಸಾಯುವವರೆಗೂ ಅವನು ಶಹಾಬಾದ ಸ್ಟೇಷನ್ನಿನಲ್ಲಿ ಕಾಲಿಡಲಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ವಾಡಿಗೆ ಹೋಗಿ ರೈಲು ಹತ್ತುತ್ತಿದ್ದ. ಹೋಗಬೇಕಾದ ಊರು ಶಹಾಬಾದದ ಕಡೆಗೇ ಇದ್ದರೂ ಅಷ್ಟೇ. ಇದಕ್ಕೆ ನಮ್ಮ ಮಾವ ನಗುತ್ತಿದ್ದರು, ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕಂಪನಿಯವರು ಬೇಕಾದಷ್ಟು ಹಳಿ ಒಯ್ದು ಉಳಿದದ್ದನ್ನು ಊರಿಗೆ ಬಿಟ್ಟರು. ಊರಿನ ಅರ್ಧ ಮನೆಗಳ ಮಾಳಿಗೆ ಎದ್ದಿದ್ದು ಆಗಲೇ. ನಮ್ಮ ಪಡಸಾಲೆಯ ನಡುವೆ ಒಂದು ಕಲ್ಲುಗಂಬ ನಿಲ್ಲಿಸಿ, ಅದರ ಮೇಲೆ ಎರಡು ಪಟರಿಗಳನ್ನು ತುದಿ ಕಂಬದಾಚೆ ಚಾಚುವಂತೆ ಕೂಡಿಸಿದರು. ಹಳಿಗೆ ಹಳಿ ಜೋಡಿಸುವ ಬೋಲ್ಟಿನ ತೂತು ಅಲ್ಲಿ ಹಾಗೆಯೇ ಉಳಿಯಿತು. ಮಜೀದ ಮಾತ್ರ ಒಂದು ಪಟರಿಯನ್ನೂ ಮುಟ್ಟಲಿಲ್ಲ.

"ಯಾವ ಪಟರಿ ಮ್ಯಾಲ ಗಾಡಿ ಓಡ್ಸೀನಿ, ಅದರ ಕೆಳಗ ನಾ ಹ್ಯಾಂಗ ಮಕ್ಕೊಳ್ಳಲಿ ನರಸಪ್ಪ?" ಎಂದನಂತೆ. ತಗಡಿನ ಕೆಳಗೇ ಬಾಳಿದ.

ಅವನ ಮಗಳು ಸರ್ವರಬೇಗಂ. ನನಗಿಂತ ಬಹಳ ಹಿರಿಯಳು, ನಮ್ಮ ಹಿತ್ತಲಿನ ಗೋಡೆಯ ಆಚೆಯ ಮನೆ. ನಾನು ಅವಳನ್ನು ಆಪಾ ಎನ್ನುತ್ತೇನೆ. ಆಪಾಗೆ ಚೊಚ್ಚಲ ಕೂಸು ಹುಟ್ಟಿದಾಗ ಅಪ್ಪನ ಮನೆಯ ತಗಡಿಗೆ ತೊಟ್ಟಿಲು ಕಟ್ಟುವಂತಿರಲಿಲ್ಲ. ನಮ್ಮ ಮಾವ ಹೋಗಿ, ನೀನು ಪಟರಿಯ ಕೆಳಗೆ ಮಲಗದಿದ್ದರೆ ಬೇಡ, ಮೊಮ್ಮಗನಾದರೂ ಮಲಗಲಿ ಎಂದು ಕರೆತಂದರು. ಬೋಲ್ಟಿನ ತೂತಿಗೆ ಕೊಂಡಿ ಹಾಕಿ ತೊಟ್ಟಿಲು ತೂಗುಬಿಟ್ಟರು. ಹೊಸ್ತಿಲಾಚೆಯೇ ನಿಂತಿದ್ದ ಮಜೀದ ತೊಟ್ಟಿಲು ಆ ಕಡೆ ಈ ಕಡೆ ಹೋಗುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಒಂದು ಉದ್ದ, ಎರಡು ಗಿಡ್ಡ.

ಅಂದಿನಿಂದ ಅದು ಊರಿನ ಪದ್ಧತಿಯೇ ಆಯಿತು. ಯಾವ ಜಾತಿಯ ಕೂಸೇ ಇರಲಿ, ಬಾಣಂತಿ ಹೊರಗೆ ಬಂದ ಮೊದಲ ದಿನ ನಮ್ಮ ಪಡಸಾಲೆಗೆ ಬಂದು ಪಟರಿಯ ಕೆಳಗೆ ಒಮ್ಮೆ ತೂಗಬೇಕು. ಇದಕ್ಕೆ ಗಾಡಿ ಹತ್ತಿಸೋದು ಎಂದು ಹೆಸರು. ಮಜೀದ ತೀರಿಕೊಂಡ ಮೇಲೆ ಸೀಟಿ ಆಪಾನ ಪಾಲಿಗೆ ಬಂತು. ನಮ್ಮೂರಿನ ಮಕ್ಕಳು ನಡೆಯುವುದಕ್ಕಿಂತ ಮೊದಲು ರೈಲು ಹತ್ತಿದವರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಮೊದಲ ಜೀಕು ಯಾರು ಜೀಕಬೇಕು ಎಂಬುದಕ್ಕೂ ಪದ್ಧತಿ ಇತ್ತು. ಅದು ಸಣ್ಣ ಗಾಡಿಗಿಂತ ಹಳೆಯದು. ಮಕ್ಕಳು ಬದುಕಿ ಬಾಳುತ್ತಿರುವ ತಾಯಿಯೇ ಹಗ್ಗ ಹಿಡಿಯಬೇಕು. ನನಗೆ ಮಕ್ಕಳಾಗಲಿಲ್ಲ.

ಮದುವೆಯಾಗಿ ಕೆಲವು ವರ್ಷವಾಗಿತ್ತು, ಇನ್ನೂ ಆಸೆ ಇತ್ತು. ಆಪಾನ ಕಡೆಯ ಮಗುವನ್ನು ಗಾಡಿ ಹತ್ತಿಸುವ ದಿನ. ಕೂಸಿನ ಮುಖ ನೋಡುವ ಭರದಲ್ಲಿ ನಾನು ಹಗ್ಗಕ್ಕೆ ಕೈ ಹಾಕಿಬಿಟ್ಟೆ. ನಮ್ಮ ಅತ್ತೆ ಸಾಬಮ್ಮ ಮೆತ್ತಗೆ ನನ್ನ ಕೈ ಬಿಡಿಸಿ, "ಜಗದೇವಿ, ಒಲೀ ಮ್ಯಾಲ ಹಾಲು ಉಕ್ಕಲಿಕತ್ತದ ನೋಡು" ಎಂದರು. ಓಡಿದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಒಲೆಯೇ ಉರಿಯುತ್ತಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಜನರ ಮುಂದೆ ಬೇರೆ ಯಾರಾದರೂ ಅನ್ನುವ ಮೊದಲು ತಾವೇ ನನ್ನ ಮಾನ ಉಳಿಸಿದರು. ಅದು ಗೊತ್ತಿದ್ದರಿಂದಲೇ ಹೆಚ್ಚು ನೋವಾಯಿತು. ತಣ್ಣಗಿನ ಒಲೆಯ ಮುಂದೆ ಕೂತು, ಪಡಸಾಲೆಯಿಂದ ಬಂದ ಸೀಟಿ ಕೇಳಿದೆ.

ಆಮೇಲೆ ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತೊಟ್ಟಿಲು ಕಟ್ಟುತ್ತಿದ್ದಂತೆ ಒಲೆಯ ಮೇಲೆ ಏನೋ ಇದೆ ಎಂದು ನಾನೇ ಎದ್ದು ಹೋಗುತ್ತಿದ್ದೆ. ಮನೆ ನನ್ನದು, ಪಟರಿ ನನ್ನದು, ಕೊಂಡಿಗೆ ಎಣ್ಣೆ ಹಚ್ಚುವವಳೂ ನಾನೇ. ಊರಿನ ಎಷ್ಟು ಕೂಸುಗಳು ನಮ್ಮ ಮನೆಯಲ್ಲಿ ಗಾಡಿ ಹತ್ತಿದವೋ! ಒಂದನ್ನೂ ನಾನು ತೂಗಲಿಲ್ಲ. ಅತ್ತೆ ಹೋದರು, ಮಾವ ಹೋದರು, ನನ್ನ ತಲೆ ನೆರೆಯಿತು, ಬಾಯಿ ಮಾತ್ರ ಚುರುಕಾಯಿತು. ಜಗದೇವಿಯ ಬಾಯಿಗೆ ಹೆದರಿ ಬೀದಿ ನಾಯಿಯೂ ಸುತ್ತಿ ಹೋಗುತ್ತದೆ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಾರೆ. ಆದರೆ ತೊಟ್ಟಿಲು ಕಂಡರೆ ಆ ಬಾಯಿಯೂ ಬಂದ್.

ಹೋದ ವರ್ಷ ಮಾಳಿಗೆಯ ಒಂದು ಪರಸಿ ಬಿರುಕುಬಿಟ್ಟು, ನಮ್ಮ ಮನೆಯವರು ಮಲಗಿ ಎದ್ದ ಜಾಗಕ್ಕೇ ಬಿತ್ತು. ನನ್ನ ಮೈದುನ ಭೀಮಾಶಂಕರ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಮನೆಯಲ್ಲಿ ಅವನದೂ ಪಾಲಿದೆ. ಅವನು ಬಂದು ನೋಡಿ, ಮಳೆಗಾಲಕ್ಕೆ ಮೊದಲು ಇದನ್ನೆಲ್ಲ ಇಳಿಸಿ ಸ್ಲ್ಯಾಬ್ ಹಾಕಿಸುವುದೇ ಸರಿ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನಾನು ಸಾಕಷ್ಟು ಹೆಣಗಿದೆ, ಸಿಗಲಿಲ್ಲ.

ಆದರೆ ಅದೇ ಹೊತ್ತಿಗೆ ಆಪಾನ ಮೊಮ್ಮಗಳು ಶಗುಫ್ತಾ ಹೆರಿಗೆಗೆ ಬಂದಿದ್ದಳು. ನಾನು ಮೈದುನನಿಗೆ, ಶಗುಫ್ತಾಳ ಕೂಸು ಗಾಡಿ ಹತ್ತುವವರೆಗೆ ತಡಿ ಎಂದೆ. ಊರಿನ ಪದ್ಧತಿ ಎಂದೆ, ಹಿರಿಯರ ನೆನಪು ಎಂದೆ. ಒಳಗಿನ ಮಾತು ಹೇಳಲಿಲ್ಲ. ಇದು ಕಡೆಯ ತೊಟ್ಟಿಲು. ಈಗ ಮನೆಗೆ ನಾನೇ ಹಿರಿಯಳು, ಕೈ ಬಿಡಿಸಲು ಅತ್ತೆ ಇಲ್ಲ. ಈ ಒಂದು ಸಲ ನಾನು ಹಗ್ಗ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಹೆಣ್ಣು ಕೂಸು ಹುಟ್ಟಿತು. ಅವರಲ್ಲಿ ಬಾಣಂತಿ ನಲವತ್ತು ದಿನ ಮುಗಿಸಿ, ಸ್ನಾನ ಮಾಡಿ ಹೊರಗೆ ಬರಬೇಕು. ಮೋಡಗಳು ಅಷ್ಟು ದಿನ ಕಾಯಲಿಲ್ಲ. ರೋಹಿಣಿಯಲ್ಲೇ ಎರಡು ಜೋರು ಮಳೆಯಾಗಿ ಪಡಸಾಲೆಯ ತುಂಬ ಪಾತೇಲಿ, ಬಕೆಟ್ಟು, ಚರಿಗೆ ಇಟ್ಟೆವು. ಭೀಮಾಶಂಕರ ನನ್ನ ಮುಂದೆ ಕೂತ.

"ವೈನಿ, ನೀವು ಹೇಳ್ದಂಗ ಇಷ್ಟು ದಿನ ತಡ್ದೆ. ಇನ್ನೊಂದು ಕಲ್ಲು ಬಿದ್ರ ಅಣ್ಣ ಇರಂಗಿಲ್ಲ."

ಇಳಿಸು ಎಂದೆ. ಅವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮಳೆ ಬರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಗೌಂಡಿ ಬಂದೇನವಾಜ್ ತನ್ನ ಆಳುಗಳನ್ನು ಕರೆದುಕೊಂಡು ಬಂದ. ಅವನೂ ನಮ್ಮ ಪಡಸಾಲೆಯಲ್ಲಿ ಗಾಡಿ ಹತ್ತಿದವನೇ. ಕಲ್ಲು ಇಳಿಸಿದರು, ಪಟರಿ ಇಳಿಸಿದರು, ಕಂಬ ಉರುಳಿಸಿದರು. ಈಗ ಈ ಭಾರದ ಕಲ್ಲುಗಳನ್ನು ಅಂಗಳದ ಕೆಸರು ದಾಟಿಸಿ ಬಾಗಿಲವರೆಗೆ ಒಯ್ಯುವುದು ಹೇಗೆ? ಬಂದೇನವಾಜನಿಗೆ ಒಂದು ಉಪಾಯ ಹೊಳೆಯಿತು. ಆಪಾನ ಹಿತ್ತಲಿನಲ್ಲಿ ಸಣ್ಣ ಗಾಡಿಯ ಒಂದು ಟ್ರಾಲಿ ಇತ್ತು. ಕಡೆಯ ದಿನ ಅಲ್ಲಿ ಬಿಟ್ಟದ್ದನ್ನು ಒಯ್ಯಲು ಯಾರೂ ಬಂದಿರಲಿಲ್ಲ. ಆಪಾನ ಆಡುಗಳು ಅದರಲ್ಲಿ ಮೇವು ತಿನ್ನುತ್ತಿದ್ದವು. ಪಟರಿಗಳನ್ನು ಹೊಸ್ತಿಲಿಂದ ಅಂಗಳದ ಬಾಗಿಲವರೆಗೆ ಹಾಸಿ, ಅದರ ಮೇಲೆ ಆ ಟ್ರಾಲಿ ಓಡಿಸುವುದು. ನನಗೂ ಸರಿ ಎನ್ನಿಸಿತು.

ಹಾಸಿದರು, ಟ್ರಾಲಿ ತಂದು ಇಟ್ಟರು. ಗಾಲಿ ಕೂರಲೊಲ್ಲದು. ಒಂದು ಬದಿ ಇಟ್ಟರೆ ಇನ್ನೊಂದು ಬದಿ ಜಾರುತ್ತದೆ. ಅರ್ಧ ಗಂಟೆ ಬೈದಾಡಿದರು. ಕಂಪನಿಯವರೇ ಸುಳ್ಳರು, ಇದು ಆ ಗಾಡಿಯ ಟ್ರಾಲಿಯೇ ಅಲ್ಲ ಎಂಬಲ್ಲಿಗೆ ಮಾತು ಬಂತು. ಗಲಾಟೆ ಕೇಳಿ ಆಪಾ ಗೋಡೆ ಬಳಸಿಕೊಂಡು ಬಂದಳು. ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತೇಬಿಟ್ಟಳು.

"ಬಂದೇನವಾಜ, ಪಟರಿ ಬೋರಲ ಹಾಕೀಯಲ್ಲೋ ಬೇಟಾ. ತೆಲಿ ಮ್ಯಾಲ ಇರಬೇಕು."

ಬಂದೇನವಾಜ್ ಪೆಚ್ಚಾಗಿ ಪಟರಿಯನ್ನೂ ಆಕಾಶವನ್ನೂ ನೋಡಿದ. ಹುಟ್ಟಿದಾಗಿನಿಂದ ತೊಟ್ಟಿಲಲ್ಲಿ ಮಲಗಿ ಹೀಗೇ ನೋಡಿದ್ದೇವಲ್ಲ, ತಲೆ ಕೆಳಗೇ ಇರುತ್ತಿತ್ತಲ್ಲ ಎಂದ. ಶಹಾಬಾದದಲ್ಲಿ ದಿನವೂ ದೊಡ್ಡ ಗಾಡಿಯ ಹಳಿ ದಾಟುವವನೇ ಅವನು. ಆದರೆ ಅದು ಸರಕಾರದ್ದು, ಇದು ನಮ್ಮ ಮನೆಯ ಪಟರಿ, ಇದು ಇರುವುದೇ ಹೀಗೆ ಎಂದುಕೊಂಡಿದ್ದ. ಅವನನ್ನು ಏನು ಬೈಯಲಿ, ನನಗೂ ಹೊಳೆದಿರಲಿಲ್ಲ.

ಮಗುಚಿ ಹಾಕಿದರು. ಇಷ್ಟು ವರ್ಷ ನಮ್ಮ ಕಡೆ ಮುಖ ಮಾಡಿದ್ದ ತಲೆ ಆಕಾಶ ನೋಡಿತು. ಗಾಲಿ ಕೂತಿತು. ಟ್ರಾಲಿ ಗರ್ ಎಂದು ಸದ್ದು ಮಾಡುತ್ತ ಹೊರಟಾಗ ಆಪಾನ ನಗು ನಿಂತಿತು. ಅವಳು ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದಳು. ನಾನೂ ಅವಳ ಪಕ್ಕದಲ್ಲಿ ಕೂತು ಕೇಳಿದೆ. ಮದುವೆಯಾಗಿ ಬಂದಾಗಿನಿಂದ ಕಾಯ್ದ ಸದ್ದು ಇದೇ ಇರಬೇಕು ಅನ್ನಿಸಿತು. ಆಪಾಗೆ ನಿಂತುಹೋದ ಗಾಡಿಯ ನೆನಪಿತ್ತು. ನನಗೆ ನೆನಪಿಸಿಕೊಳ್ಳಲು ಏನೂ ಇರಲಿಲ್ಲ, ಆದರೂ ಟ್ರಾಲಿ ಬಾಗಿಲು ಮುಟ್ಟುವವರೆಗೆ ನಾನು ಏಳಲಿಲ್ಲ.

ಸ್ಲ್ಯಾಬ್ ಬಿತ್ತು. ಭೀಮಾಶಂಕರ ನನ್ನ ಮುಖ ನೋಡಿಯೇ ಇರಬೇಕು, ಪಡಸಾಲೆಯ ನಡುವೆ ಸ್ಲ್ಯಾಬಿಗೆ ಒಂದು ಕಬ್ಬಿಣದ ಕೊಂಡಿ ಇಡಿಸಿದ. ಆದರೆ ಒಳಗೆಲ್ಲ ಸ್ಲ್ಯಾಬಿಗೆ ಆಸರೆಯಾಗಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು, ಇನ್ನೂ ತೆಗೆಯುವಂತಿರಲಿಲ್ಲ. ಅಷ್ಟರಲ್ಲಿ ಶಗುಫ್ತಾಳ ನಲವತ್ತು ಮುಗಿಯಿತು. ಅವಳ ತಾಯಿ ಶಹಾಬಾದದಿಂದ ನಿಲ್ಲಿಸುವ ಸ್ಟೀಲಿನ ತೊಟ್ಟಿಲು ತರಿಸಿದ್ದಾಳೆ ಎಂದು ಕೇಳಿದೆ. ಆಯಿತು, ನನ್ನ ಹಗ್ಗದ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪಟರಿಗಳನ್ನು ಒಯ್ಯಲು ಗುಜರಿಯವನಿಗೂ ಹೇಳಿ ಆಗಿತ್ತು.

ಗುಜರಿಯ ಲಾರಿ ಬರುವ ದಿನವೇ ಬೆಳಗ್ಗೆ ಆಪಾ ಬಂದಳು. ಹಿಂದೆ ಶಗುಫ್ತಾ, ಅವಳ ತಾಯಿ, ಓಣಿಯ ನಾಲ್ಕಾರು ಹೆಂಗಸರು. ಆಪಾ ಒಂದು ಕೊಡ ನೀರು ಸುರಿದು ಟ್ರಾಲಿ ತಿಕ್ಕಿದಳು. ತನ್ನ ಕೌದಿಯನ್ನು ಮಡಿಸಿ ಹಾಸಿದಳು. ಗಾಡಿ ಹತ್ತಿಸೋದು ಅಂದರೆ ಗಾಡಿಯನ್ನೇ ಹತ್ತಿಸೋಣ, ನಾನು ಹತ್ತಿದಂತೆ ಇವಳೂ ನೆಲದ ಮೇಲೆ ಹೋಗಲಿ ಎಂದು ಮೊಮ್ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡು ಮಲಗಿಸಿದಳು. ಅಂಗೈಯಷ್ಟು ಮುಖ, ಹಣೆಯ ಓರೆಗೆ ಕಾಡಿಗೆಯ ದೃಷ್ಟಿಬೊಟ್ಟು, ಗಾಢ ನಿದ್ದೆ.

ಅದೇ ಹೊತ್ತಿಗೆ ಲಾರಿ ಬಂದು ಹಾರ್ನ್ ಹೊಡೆಯಿತು. ಆಪಾ ಡ್ರೈವರನಿಗೆ ಕೈ ಅಡ್ಡ ಹಿಡಿದಳು.

"ಗೇಟ್ ಬಿದ್ದದ. ಗಾಡಿ ಹೋದ ಮ್ಯಾಲ ಬರ್ರಿ."

ವಾಡಿ, ಶಹಾಬಾದದ ದಾರಿಯಲ್ಲಿ ಲಾರಿ ಓಡಿಸುವವನಿಗೆ ರೈಲ್ವೆ ಗೇಟಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಅವನು ನಕ್ಕು ಎಂಜಿನ್ ಬಂದ್ ಮಾಡಿ ಕೂತ.

ಹೆಂಗಸರು ಟ್ರಾಲಿಯ ಸುತ್ತ ನೆರೆದರು. ಈಗ ಮೊದಲು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕಾಲು ತಾನಾಗಿಯೇ ಎದ್ದಿತು. ಹಿತ್ತಲಲ್ಲಿ ತಗಡು ಮರೆ ಮಾಡಿ ಹೂಡಿದ್ದ ಒಲೆಯ ಕಡೆಗೆ ತಿರುಗಿದೆ.

"ಜಗದೇವಿ, ಎಲ್ಲಿ ಹೊಂಟಿ?" ಎಂದಳು ಆಪಾ.

"ಒಲೀ ಮ್ಯಾಲ..." ಎಂದೆ.

"ಒಲೀ ಮ್ಯಾಲ ಏನೂ ಇಲ್ಲ. ಅವತ್ತೂ ಇರಲಿಲ್ಲ."

ನಾನು ನಿಂತೆ. ಅಂದು ಆ ತೊಟ್ಟಿಲಲ್ಲಿ ಇದ್ದದ್ದು ಅವಳ ಕೂಸು. ಬಾಣಂತಿ ಗೋಡೆಗೊರಗಿ ಕೂತಿದ್ದಳು, ಎಲ್ಲ ನೋಡಿದ್ದಳು. ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಪ್ರತಿ ಸಲ ನಾನು ಎದ್ದು ಹೋದಾಗಲೂ ಅವಳು ಸೀಟಿಯನ್ನು ಅಷ್ಟು ಜೋರಾಗಿ ಏಕೆ ಹೊಡೆಯುತ್ತಿದ್ದಳು ಎಂಬುದು ಆಗ ತಿಳಿಯಿತು. ಅದು ಅಡುಗೆಮನೆಯವರೆಗೂ ಕೇಳಲಿ ಎಂದು.

ಆಪಾ ಹೆಂಗಸರ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತ ಹೇಳಿದಳು. "ತೊಟ್ಟಿಲಾ ತೂಗಲಿಕ್ಕ ರಿವಾಜ್ ಅದ. ಟ್ರಾಲಿ ನೂಕಲಿಕ್ಕ ಯಾವ ರಿವಾಜೂ ಇಲ್ಲ. ಖಣ್ಯಾಗ ಯಾರ ಕೈ ಖಾಲಿ ಇರ್ತಿತ್ತು, ಅವರು ನೂಕ್ತಿದ್ರು. ನಿನ್ನ ಕೈ ಖಾಲಿ ಅದ. ಬಾ."

ಯಾರಾದರೂ ಏನಾದರೂ ಅಂದಾರು ಎಂದು ಕಾದೆ. ಶಗುಫ್ತಾ ಬದಿಗೆ ಸರಿದು ನನಗೆ ಜಾಗ ಬಿಟ್ಟಳು.

ಟ್ರಾಲಿಯ ಅಂಚು ಹಿಡಿದೆ. ತೊಳೆದ ಕಬ್ಬಿಣ ತಣ್ಣಗಿತ್ತು. ನೂಕಿದೆ, ಅಲುಗಲಿಲ್ಲ. ಕೂಸಿನ ಭಾರವಲ್ಲ, ಕಬ್ಬಿಣದ ಭಾರ. ಮೈಯನ್ನೆಲ್ಲ ಹಾಕಿ ನೂಕಿದೆ. ಗಾಲಿ ಒಮ್ಮೆ ಕಿರುಗುಟ್ಟಿ ಹೊರಟಿತು. ಬೆನ್ನ ಹಿಂದೆ ಆಪಾ ಸೀಟಿ ಹೊಡೆದಳು. ಒಂದು ಉದ್ದ, ಎರಡು ಗಿಡ್ಡ. ಹಲ್ಲು ಹೋದ ಬಾಯಿ, ಕಡೆಯದು ಬರೀ ಗಾಳಿಯಾಗಿ ಬಂತು. ನಾನು ಕೂಸಿನ ಮುಖದಿಂದ ಕಣ್ಣು ತೆಗೆಯದೆ ಅಂಗಳ ದಾಟಿದೆ. ಕಣ್ಣು ತುಂಬಿ ಆ ಮುಖ ಕಲಸಿಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಬಿಡಲು ಮನಸ್ಸೂ ಇರಲಿಲ್ಲ.

ಪಟರಿ ಮುಗಿಯುವಲ್ಲಿ ಕಾಲು ಕೊಟ್ಟು ನಿಲ್ಲಿಸಿದೆ.

"ವಾಪಸ್ ತರಬೇಕಲ್ಲ" ಎಂದಳು ಆಪಾ ಹೊಸ್ತಿಲಿನಿಂದ. "ಸಣ್ಣ ಗಾಡಿ ಹೋದ ದಿನಾನೇ ಬರ್ತಿತ್ತು."

ವಾಪಸು ತಂದೆ. ಮತ್ತೆ ಒಯ್ದೆ. ಯಾರೂ ಸಾಕು ಅನ್ನಲಿಲ್ಲ. ಮೂರನೆಯ ಸಲ ಒಯ್ಯುವಾಗ ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು. ತಲೆಯ ಮೇಲೆ ಪಟರಿ ಇಲ್ಲ, ಬರೀ ನಾನು, ನನ್ನ ಹಿಂದೆ ಮೋಡ. ಅಳಲಿಲ್ಲ. ಮತ್ತೆ ಕಣ್ಣು ಮುಚ್ಚಿತು.

ಆಮೇಲೆ ಶಗುಫ್ತಾ ಬಂದು ಕೂಸನ್ನು ಎತ್ತಿಕೊಂಡಳು, ನಾನು ಟ್ರಾಲಿಯ ಅಂಚು ಬಿಟ್ಟೆ. ಅಂಗೈಗೆ ತುಕ್ಕು ಹತ್ತಿತ್ತು. ಲಾರಿಯ ಡ್ರೈವರ್ ಬಾಗಿಲಲ್ಲಿ ನಿಂತು, ಪಟರಿ ಎತ್ತಬಹುದೇ ಎಂದು ಕೇಳಲು ಅಂಜುತ್ತಿದ್ದ. ನನ್ನ ಬಾಯಿಯ ಸುದ್ದಿ ಅವನಿಗೂ ತಲುಪಿತ್ತೇನೋ.

"ಅವ್ವಾ, ಗಾಡಿ ಹೋಯ್ತೇನ್ರಿ?" ಎಂದ ಮೆಲ್ಲಗೆ.

"ಹೋಯ್ತಪ್ಪ" ಎಂದೆ. "ಇನ್ನ ಒಯ್ಯಿ."